ಹೆಡ್‌ಲೈಟಿಗೆ ಕಾಮಾಲೆ

ನನ್ನ ಹಳೇ ಕಾರಿನ ಹೆಡ್‌ಲೈಟಿಗೆ ಕಾಮಾಲೆ. ಬಿಸಿಲಿಗೆ ಪಾಲಿಕಾರ್ಬೊನೇಟ್ ಹಳದಿಯಾಗುವುದು ಸಹಜವೆಂದ ಉಡುಪಿಯ ಅಂಗಡಿಯವ ಡಬ್ಬಗಳನ್ನು ಸಾಲಾಗಿ ಇಟ್ಟ. "ಒರಿಜಿನಲ್ಲಾ, ಲೋಕಲ್ಲಾ, ಅಲ್ಲ ಎಲ್‌ಇಡಿಯಾ ಮಾರಾಯ್ರೆ?" 60/55 ವಾಟಿನ ಎಚ್4 ಬಲ್ಬಿಗೆಂದೇ ಹುಟ್ಟಿದ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೇ ಹೊಡೆಯುವುದುಂಟು. ಮಣಿಪಾಲದಲ್ಲಿ ಓದುವ ಸೋದರಳಿಯ, "ಹಾಕಿ ಮಾವ, ಕಾರ್ಕಳದ ಗೊಮ್ಮಟನ ಮುಖವೂ ಕಾಣ್ತದೆ" ಎಂದ. 42 ಅಡಿಯ ಆ ಸ್ವಾಮಿ 1432ರಿಂದಲೂ ನನ್ನ ಲೈಟಿನ ಹಂಗಿಲ್ಲದೆ ನಿಂತಿದ್ದಾನೆ. ಇನ್ನು ಕಾಪುವಿನ ದೀಪಸ್ತಂಭ 1901ರಿಂದ ಡ್ಯೂಟಿಯಲ್ಲಿದೆ. ಅದರೊಡನೆ ನನಗೇಕೆ ಪೈಪೋಟಿ? ನನ್ನ ಕಾರಿಗೆ ಎದುರಿನ ಹೊಂಡ ಕಂಡರೆ ಸಾಕು, ತಪ್ಪಿಸುವ ಶಕ್ತಿಯಂತೂ ಅದಕ್ಕಿಲ್ಲ. ಲೋಕಲ್ ಜೋಡಿಯನ್ನೇ ಹಾಕಿಸಿದೆ. ಈಗ ಅದರ ಹೊಳಪಿನೆದುರು ಬಾನೆಟ್ಟಿನ ತುಕ್ಕು ಎದ್ದು ಕಾಣುತ್ತಿದೆ; ಅಂಗಡಿಯವ ಪೇಂಟಿನ ಕ್ಯಾಟಲಾಗ್ ಹುಡುಕುತ್ತಿದ್ದಾನೆ.