ಉದ್ರಿ ಪುಸ್ತಕದ ಸ್ಟಾಪ್‌ಲಾಗ್

ನಾರಾಯಣಪುರದ ಉಳಿದ ಮನೆಗಳಲ್ಲಿ ಬೆಳಗಾದರೆ ಮೊದಲು ಚಹಾ, ಆಮೇಲೆ ಪೇಪರು. ನಮ್ಮ ಮನೆಯಲ್ಲಿ ಎರಡಕ್ಕೂ ಮೊದಲು ಬಸವಸಾಗರ ಡ್ಯಾಮಿನ ನೀರಿನ ಮಟ್ಟ ಆಗಬೇಕು. ಓದುವವಳು ನನ್ನ ಮಗಳು, ಆರು ತುಂಬಿ ಏಳು ನಡೆಯುತ್ತಿದೆ. ಕೇಳುವ ಶಿಕ್ಷೆ ನನ್ನದು.

“ಅಪ್ಪಾ, ಒಳಹರಿವು ಕಡಿಮಿ ಆಗ್ಯಾದ. ಇವತ್ತ ಗೇಟ್ ಎತ್ತಂಗಿಲ್ಲ.”

ಗೇಟ್ ಎತ್ತದ ದಿನ ಆಕೆಗೆ ಜಡೆ ಹಾಕುವುದೂ ಕಷ್ಟ. ಎತ್ತಿದ ದಿನ ಇನ್ನೂ ಕಷ್ಟ, ತಲೆ ನಿಲ್ಲುವುದೇ ಇಲ್ಲ.

ಮಂದಿಯ ಮಕ್ಕಳಿಗೂ ಹುಚ್ಚು ಇರುತ್ತದೆ. ಒಂದಕ್ಕೆ ಕಾರು, ಒಂದಕ್ಕೆ ಡೈನೋಸಾರು, ಒಂದಕ್ಕೆ ಬಸ್ಸಿನ ಬೋರ್ಡು. ಅವರ ಅಪ್ಪಂದಿರು ಅಂಗಡಿಗೆ ಹೋಗಿ ಇನ್ನೊಂದು ಆಟಿಕೆ ತಂದು ಪಾರಾಗುತ್ತಾರೆ. ನಮ್ಮ ಹುಡುಗಿಗೆ ಹಿಡಿದಿರುವುದು ಕೃಷ್ಣಾ ನದಿಗೆ ಅಡ್ಡ ಕಟ್ಟಿದ, ಹತ್ತು ಕಿಲೋಮೀಟರಿಗೂ ಉದ್ದದ ಅಣೆಕಟ್ಟೆ. ಅದನ್ನು ಯಾವ ಅಂಗಡಿಯಲ್ಲಿ ತರಲಿ? ಜಾತ್ರೆಯಲ್ಲಿ ಗೊಂಬೆ ಕೊಡಿಸಿ ನೋಡಿದೆ. ಆ ಗೊಂಬೆಯನ್ನು ಹಿತ್ತಲಿನ ನೀರಿನ ತೊಟ್ಟಿಯ ಮೇಲೆ ಗೇಟ್ ಆಪರೇಟರ್ ಆಗಿ ನೇಮಕ ಮಾಡಿದಳು. ಪಾಪ, ಅಂದಿನಿಂದ ಅದಕ್ಕೆ ರಜೆಯೇ ಸಿಕ್ಕಿಲ್ಲ.

ನಾನು ಇದೇ ಊರಲ್ಲಿ ಬೆಳೆದವನು, ಬೀಜ-ಗೊಬ್ಬರದ ಅಂಗಡಿ ಇಟ್ಟವನು. ನನ್ನ ಪಾಲಿಗೆ ಡ್ಯಾಮ್ ಅಂದರೆ ಬೀಗರು ಬಂದಾಗ ಕರೆದುಕೊಂಡು ಹೋಗಿ, ಗಾಳಿ ಕುಡಿಸಿ, ವಾಪಸ್ ಬರುವಾಗ ಮಿರ್ಚಿ-ಭಜಿ ತಿನ್ನಿಸುವ ಜಾಗ. ಎಷ್ಟು ಗೇಟು ಅಂತ ಕೇಳಿದರೆ “ಸುಮಾರು ಅವ” ಅನ್ನುತ್ತಿದ್ದೆ. ಎಷ್ಟು ನೀರು? “ಸುಮಾರು ಹಿಡಿಸ್ತದ.” ಯಾವಾಗ ಕಟ್ಟಿದ್ದು? “ಸುಮಾರು ವರ್ಷ ಆತು.” ಈ ಸುಮಾರಿನ ಮೇಲೆ ನನ್ನ ಅರ್ಧ ಆಯುಷ್ಯ ಸುಖವಾಗಿ ಕಳೆದಿತ್ತು. ಈಗ ನೆಂಟರ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ತಿದ್ದುಪಡಿ ಬರುತ್ತದೆ: 1982ರಲ್ಲಿ ಮುಗಿದದ್ದು, ಗೇಟು 30, ಪೂರ್ಣ ಮಟ್ಟ 492.25 ಮೀಟರ್, ತುಂಬಿದರೆ 33.313 ಟಿಎಂಸಿ. ಮೂವತ್ಮೂರು ಅಂದರೆ ನಡೆಯುವುದಿಲ್ಲ. ಪಾಯಿಂಟ್ ಮುಂದಿನದನ್ನು ಬಿಟ್ಟರೆ ಅಷ್ಟು ನೀರು ನಾನೇ ಕದ್ದೆನೇನೋ ಅನ್ನುವಂತೆ ನೋಡುತ್ತಾಳೆ. ಲೆಕ್ಕ ಹಾಕಿದರೆ ಆಕೆಯದೇ ಸರಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಹೆಚ್ಚುಕಡಿಮೆ 2,832 ಕೋಟಿ ಲೀಟರ್. ಆ ಪುಟ್ಟ ಪಾಯಿಂಟಿನ ಮುಂದೆಯೇ ಎಂಟುನೂರು ಕೋಟಿ ಲೀಟರಿಗಿಂತ ಹೆಚ್ಚು ನೀರು ನಿಂತಿದೆ.

ಬೀಗರೊಬ್ಬರು ಇದನ್ನೆಲ್ಲ ಕೇಳಿ, “ನಿಮ್ಮ ಮನಿಯಾಗ ಇನ್ನೊಬ್ಬ ಶಕುಂತಲಾದೇವಿ ಹುಟ್ಯಾಳ” ಅಂದರು. ಆರನೇ ವಯಸ್ಸಿಗೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕದ ಚಮತ್ಕಾರ ತೋರಿಸಿದವರ ಹೆಸರು ಕಿವಿಗೆ ಬಿದ್ದದ್ದೇ ನನ್ನ ಎದೆ ಉಬ್ಬಿತು. ಆ ಉಬ್ಬು ಇಳಿಯುವ ಮೊದಲೇ ಒಂದು ಪರೀಕ್ಷೆ ಮಾಡಿಬಿಡೋಣ ಅಂತ, “ಏಳೆಂಟಲೆ ಎಷ್ಟವ್ವ?” ಅಂದೆ. “ಏಳೆಂಟು ಏನು? ಕ್ಯೂಸೆಕ್ಕಾ?” ಅಂದಳು. ಬರಿ ಏಳೆಂಟು ಅಂದೆ. ಗೊತ್ತಿಲ್ಲ ಅಂತ ಆಟಕ್ಕೆ ಹೋದಳು. ಅದೇ ಹುಡುಗಿ, 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾಳೆ.

ನಮ್ಮ ಅವ್ವನಿಗೆ ಇದು ಸಹಜ ಅನಿಸಲಿಲ್ಲ. “ಕೂಸಿಗಿ ಏನರ ತಗಲ್ಯಾದ. ಛಾಯಾ ಭಗವತಿಗಿ ಹೋಗಿ ಕಾಯಿ ಒಡಸ್ರಿ” ಅಂದಳು. ಹೋದೆವು. ಅವ್ವ ಯೋಚಿಸದೆ ಬಿಟ್ಟಿದ್ದು ಒಂದೇ, ಛಾಯಾ ಭಗವತಿ ಇರುವುದು ಡ್ಯಾಮಿನ ಕೆಳಗಿನ ಹೊಳೆದಂಡೆಯಲ್ಲಿ. ಮಗಳು ದೇವಿಗೆ ಕೈ ಮುಗಿಯುವ ಮೊದಲು ಹೊಳೆ ನೋಡಿ, “ಅಪ್ಪಾ, ಇದೇ ನೋಡು ಹೊರಹರಿವು!” ಅಂತ ಕುಣಿದಳು. ಆಮೇಲೆ ಪೂಜಾರಿಗಳನ್ನು ಹಿಡಿದು, ಗೇಟ್ ಎತ್ತಿದಾಗ ನೀರು ಯಾವ ಮೆಟ್ಟಿಲ ತನಕ ಬರುತ್ತದೆ ಅಂತ ವಿಚಾರಣೆ ಸುರು ಮಾಡಿದಳು. ಅವರಿಗೂ ಇಂಥ ಭಕ್ತರು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. 2019ರ ಆಗಸ್ಟಿನ ಹೊಳೆಯಿಂದ ಹಿಡಿದು ಎಲ್ಲ ಮಹಾಪೂರಗಳನ್ನೂ ಕೈ ಬೀಸಿ ಬೀಸಿ ವರ್ಣಿಸಿದರು. ಅವ್ವ ಕಾಯಿ ಹಿಡಿದುಕೊಂಡು ನಿಂತೇ ಇದ್ದಳು. ಬಿಡಿಸಲು ಹೋದ ಭೂತಕ್ಕೆ ನೈವೇದ್ಯ ಕೊಟ್ಟು ಬಂದೆವು.

ಇನ್ನು ವಾರಾಬಂದಿ. ನಮ್ಮ ಕಡೆ ಕಾಲುವೆಗೆ ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ರೈತರು ಅದನ್ನು ಕಾದು ಕೂತಿರುತ್ತಾರೆ, ನಾನು ರೈತರನ್ನು ಕಾದು ಕೂತಿರುತ್ತೇನೆ. ಈ ಮಾತೆಲ್ಲ ಅಂಗಡಿ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ ಮಗಳು, ಮನೆಯ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದಳು. ಅಪ್ಪನ ಮೊಬೈಲು ಎರಡು ದಿನ ಚಾಲು, ನಾಲ್ಕು ದಿನ ಬಂದ್. ಅಜ್ಜಿಯ ಧಾರಾವಾಹಿ ಒಂದು ದಿನ ಚಾಲು, ಒಂದು ದಿನ ಬಂದ್. ಹೋಳಿಗೆಗೆ ಮಾತ್ರ ಬಂದ್ ಇಲ್ಲ. ಹಬ್ಬದ ದಿನ ಪಂಕ್ತಿಯ ಆ ತುದಿಯಿಂದ ಬಡಿಸುತ್ತ ಬಂದ ನನ್ನ ಹೆಂಡತಿ ನನ್ನ ಎಲೆಗೆ ಬರುವಷ್ಟರಲ್ಲಿ ಡಬ್ಬಿ ಬರಿದಾಯಿತು. ನಾನು ಮುಖ ನೋಡಿದೆ. ಮಗಳು ಸಮಾಧಾನ ಹೇಳಿದಳು: “ನೀ ಟೇಲ್ ಎಂಡ್ ಅಪ್ಪಾ. ಕೊನೀಗಿ ನೀರು ಮುಟ್ಟಂಗಿಲ್ಲ.” ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಸಂಕಟ ನನಗೆ ಆವತ್ತು ಅರ್ಥವಾದಷ್ಟು ಯಾವ ಪ್ರತಿಭಟನೆಯಲ್ಲೂ ಅರ್ಥವಾಗಿರಲಿಲ್ಲ.

ಇದೆಲ್ಲ ಸಹಿಸಬಹುದಿತ್ತು, ತುಂಗಭದ್ರೆಯ ಗೇಟ್ ಹೋಗದಿದ್ದರೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿಯ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಆಗ ಆಕೆಗೆ ಐದರ ಆಚೀಚೆ. ಇಡೀ ವಾರ ನಮ್ಮ ಟೀವಿಯಲ್ಲಿ ಬೇರೇನೂ ಓಡಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸಿ ನೀರು ತಡೆದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರೇ ಅಂದಿನಿಂದ ನಮ್ಮ ಮನೆಯ ಹೀರೋ. ಓರಗೆಯ ಮಕ್ಕಳು ಯಶ್, ದರ್ಶನ್ ಅಂತ ಜಗಳಾಡುವಾಗ ನಮ್ಮ ಹುಡುಗಿ “ಕನ್ನಯ್ಯ ನಾಯ್ಡು” ಅನ್ನುತ್ತಾಳೆ. ಯಾವ ಪಿಚ್ಚರ್‌ನ್ಯಾಗ ಮಾಡ್ಯಾನ ಅಂತ ಅವು ಕೇಳುತ್ತವೆ.

ಕೆಲವು ದಿನಗಳ ಮೇಲೆ ಬಚ್ಚಲಲ್ಲಿ ಪ್ರಯೋಗ ನಡೆಯಿತು. ಬಚ್ಚಲ ಬಾಯಿಗೆ ಮೊದಲು ಚಪಾತಿ ಮಣೆ ಇಳಿಯಿತು. ಅದರ ಮೇಲೆ ಪರೀಕ್ಷೆಯ ಪ್ಯಾಡು. ಎರಡರ ನಡುವಿನ ಸಂದಿಯಲ್ಲಿ ನೀರು ಸೋರುತ್ತಿದೆ ಅನಿಸಿದಾಗ, ದಪ್ಪ ರಟ್ಟಿನ, ಉದ್ದನೆಯ, ಸಂದಿಗೆ ಸರಿಯಾಗಿ ಕೂರುವ ಒಂದು ಸಾಮಾನು ಬೇಕಾಯಿತು. ಅದು ನನ್ನ ಅಂಗಡಿಯ ಉದ್ರಿ ಪುಸ್ತಕ. ನಲ್ಲಿ ಪೂರ್ತಿ ಬಿಟ್ಟು, ಬಾಗಿಲಲ್ಲಿ ನಿಂತು, “ಕ್ರೇನ್ ಇಳಸ್ರಿ, ಇಳಸ್ರಿ” ಅಂತ ಗೊಂಬೆಗೆ ಹುಕುಂ ಮಾಡುತ್ತಿದ್ದಳು. ತಾಂತ್ರಿಕವಾಗಿ ನೋಡಿದರೆ ಕೆಲಸ ಯಶಸ್ವಿ. ಒಂದು ಹನಿ ಹೊರಹೋಗಲಿಲ್ಲ. ಹಾಗಾಗಿ ಎಲ್ಲ ನೀರೂ ನಡುಮನೆಗೆ ಬಂತು.

ಹಿಂಗಾರಿ ಹಂಗಾಮಿನಿಂದ ಬರೆದಿಟ್ಟ ಯೂರಿಯಾ, ಡಿಎಪಿ, ಹತ್ತಿ ಬೀಜದ ಬಾಕಿಯೆಲ್ಲ ನೀಲಿ ಶಾಯಿಯ ಒಂದೇ ಕೆರೆಯಾಗಿತ್ತು. ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಎಂದೂ ಅಂಗಡಿ ಕಡೆ ಮುಖ ಹಾಕದವರೆಲ್ಲ ಬಂದು, “ನಂದು ಯಾವ ಪುಟದಾಗಿತ್ರೀ ಸಾವ್ಕಾರ್ರ?” ಅಂತ ಬಹಳ ಕಾಳಜಿಯಿಂದ ವಿಚಾರಿಸಿದರು. ಒಬ್ಬರಂತೂ ಮಗಳಿಗೆ ಚಾಕೊಲೇಟ್ ಡಬ್ಬಿಯನ್ನೇ ತಂದುಕೊಟ್ಟರು. ಬೈಯಬೇಕೆಂದು ಕರೆದೆ. ಆಕೆ ಬಂದವಳೇ, “ಅಪ್ಪಾ, ಪುಸ್ತಕ ಒಂದ ಸಾಲಲಿಲ್ಲ. ಇನ್ನೊಂದು ಉದ್ರಿ ಬರಿ” ಅಂದಳು. ಹೆಂಡತಿ ಒಳಗಿನಿಂದ, “ಬರೀರಿ ಬರೀರಿ, ಬೇಡ ಅನಬ್ಯಾಡ್ರಿ. ಬರೀಲಾರದ ಕೊಟ್ಟಿದ್ದೂ ಬಾಳ ಅದ” ಅಂದಳು. ಈ ಮನೆಯಲ್ಲಿ ನನ್ನ ಪರ ಇರುವುದು ಆ ಗೊಂಬೆ ಒಂದೇ ಇರಬೇಕು.

ಮಗಳ ಈ ಹುಚ್ಚಿಗೇನಾದರೂ ಔಷಧ ಉಂಟೇ ಅಂತ ಮೊಬೈಲು ಚಾಲು ಇದ್ದ ದಿನ ಹುಡುಕಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ ಮತ್ತು ಸಂಗಡಿಗರು 2007ರಲ್ಲಿ ಇದನ್ನೇ ಬರೆದಿದ್ದಾರೆ. ಸಣ್ಣ ಮಕ್ಕಳಲ್ಲಿ ಮೂರಕ್ಕೆ ಒಂದರಷ್ಟು ಮಕ್ಕಳಿಗೆ ಇಂಥ ತೀವ್ರ ಹುಚ್ಚು ಇರುತ್ತದಂತೆ, ಗಂಡುಹುಡುಗರಲ್ಲಿ ಜಾಸ್ತಿಯಂತೆ. ಅದಕ್ಕೂ ಮೊದಲು, 1983ರಲ್ಲಿ, ಮಿಶೆಲಿನ್ ಚಿ ಎಂಬವರು ಸಹೋದ್ಯೋಗಿಯೊಬ್ಬರ ಜೊತೆ ನಾಲ್ಕೂವರೆ ವರ್ಷದ ಒಬ್ಬ ಹುಡುಗನನ್ನು ಕೂರಿಸಿಕೊಂಡು, ಆತನಿಗೆ ಗೊತ್ತಿದ್ದ ನಲವತ್ತು ಡೈನೋಸಾರುಗಳ ಮೇಲೆಯೇ ಅಧ್ಯಯನ ಮಾಡಿದರು. ಚೆನ್ನಾಗಿ ತಿಳಿದ ಡೈನೋಸಾರುಗಳೇ ಅವನ ನೆನಪಿನಲ್ಲಿ ಹೆಚ್ಚು ಉಳಿದಿದ್ದವು. ಏಳೆಂಟಲೆ ಬಾರದವಳಿಗೆ ಕ್ಯೂಸೆಕ್ ಬರುವುದರ ಗುಟ್ಟು ಇದೇ ಇರಬೇಕು. ಔಷಧದ ಮಾತು ಇಬ್ಬರೂ ಎತ್ತಿಲ್ಲ.

ಎತ್ತಿದ್ದರೂ ನಮ್ಮ ಸೀಮೆಗೆ ನಾಟುತ್ತಿರಲಿಲ್ಲ, ಇಲ್ಲಿಗೆ ಬಂದವರಿಗೂ ಒಂದೊಂದು ಹುಚ್ಚು ಹಿಡಿದಿದೆ. ಸುರಪುರದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಸಾಹೇಬ, ಸುಮ್ಮನೆ ಬಂಗಲೆಯಲ್ಲಿ ಕೂಡುವುದು ಬಿಟ್ಟು ರಾಜನಕೋಳೂರಿನ ಕಲ್ಲುಗೋರಿಗಳ ಹಿಂದೆ ಬಿದ್ದ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ ಸುತ್ತಿನ ಕಲ್ಲುಗಳ ಜೊತೆ ದಶಕಗಟ್ಟಲೆ ಕಳೆದು, ಇಸಾಂಪುರದಲ್ಲಿ ಸುಮಾರು ಹನ್ನೆರಡು ಲಕ್ಷ ವರ್ಷ ಹಿಂದಿನ ಮನುಷ್ಯರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನೇ ಅಗೆದು ತೋರಿಸಿದರು. ಇದನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಬಾರದಿತ್ತು. ಅಲ್ಲೇ ಇದ್ದ ಮಗ ಕೇಳಿಸಿಕೊಂಡ. ಈಗ ಮಂಚದ ಕೆಳಗೆ ಕಾಲಿಡಲು ಜಾಗವಿಲ್ಲ. ಪ್ರತಿಯೊಂದು ಕಲ್ಲೂ ಕೈಗೊಡಲಿಯೇ. ಒಗೆಯುವ ಕಲ್ಲಿನ ವಯಸ್ಸು ಎಷ್ಟು ಅಂತ ಅವನೂ ಅವನಮ್ಮನೂ ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ.

ಒಂದು ಮಾತು ಒಪ್ಪಬೇಕು. ಮಳೆಗಾಲದಲ್ಲಿ ಹೊಳೆಗೆ ಹೆಚ್ಚು ನೀರು ಬಿಟ್ಟರೆ ಶಹಾಪುರ–ದೇವದುರ್ಗ ರಸ್ತೆಯ ಕೊಳ್ಳೂರು ಸೇತುವೆಯ ಮೇಲೆ ನೀರು ಬರುತ್ತದೆ. ಹೊರಹರಿವು ಏರುತ್ತಿದ್ದಂತೆ ನನ್ನ ಗಿರಾಕಿಗಳು ನನ್ನನ್ನು ದಾಟಿಕೊಂಡು ಹೋಗಿ ಕಟ್ಟೆಯ ಮೇಲಿನ ಆಕೆಯನ್ನು ಕೇಳುತ್ತಾರೆ: “ಏನವ್ವ, ಇವತ್ತ ಎಷ್ಟು ಬಿಟ್ಟಾರ?” ಆಕೆ ಇಂದಿನದು ಹೇಳುತ್ತಾಳೆ, ನಿನ್ನೆಯದು ಹೇಳುತ್ತಾಳೆ, ಆಲಮಟ್ಟಿಯ 26 ಗೇಟುಗಳಿಂದ ಏನು ಬರುತ್ತಿದೆ ಅಂತಲೂ ಹೇಳುತ್ತಾಳೆ. ಅವರು ಗೊಬ್ಬರ ಮರೆತು ಹೋಗುತ್ತಾರೆ.

ನೀವೂ ಮಳೆಗಾಲದಲ್ಲಿ ಈ ಕಡೆ ಹೊಳೆ ದಾಟುವವರಿದ್ದರೆ ನಮ್ಮ ಅಂಗಡಿಗೆ ಬಂದು ಕೇಳಿಕೊಂಡು ಹೋಗಿ, ಪುಕ್ಕಟೆ. ಊಟ ಮಾಡಿಕೊಂಡು ಬನ್ನಿ, ಬೇಗ ಬಿಡುವುದಿಲ್ಲ. ಹಳೆಯ ಉದ್ರಿ ಇದ್ದರೆ ದಯವಿಟ್ಟು ನೀವೇ ನೆನಪು ಮಾಡಿಕೊಂಡು ಬನ್ನಿ.