ಅಡ್ಮಿನ್ ಮಾತ್ರ ಮಾತಾಡಬಹುದು

ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೆ ಒಂದೇ ನಿಯಮ. ರಾಜಕೀಯ ಬೇಡ.

ಒಳ್ಳೇ ನಿಯಮವೇ. ಅದರ ಅರ್ಥ ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಅಡ್ಮಿನ್ ಸಾಹೇಬರು ನಿವೃತ್ತರು. ಬೆಳಗಿನ ಐದೂವರೆಗೆ ಗುಲಾಬಿ, ಸೂರ್ಯ, ಸುಭಾಷಿತ. ಆರಕ್ಕೆ ತಮ್ಮ ನೆಚ್ಚಿನ ನಾಯಕರ ಭಾಷಣದ ತುಣುಕು, ಮೇಲೊಂದು ಒಕ್ಕಣೆ: 'ಎಲ್ಲರ ಮಾಹಿತಿಗಾಗಿ'. ಒಂದು ದಿನ ಏಳು ಗಂಟೆಗೆ ಮೂರನೇ ಕ್ರಾಸಿನ ಮೇಡಂ ಒಬ್ಬರು ಬರೆದರು: "ಹದಿನೈದು ದಿನದಿಂದ ಬೀದಿ ದೀಪ ಉರೀತಿಲ್ಲ. ಕಾರ್ಪೊರೇಟರ್ ಅನ್ನೋರೇ ಇಲ್ಲದ ಮೇಲೆ ಯಾರನ್ನ ಕೇಳೋದು ಸಾರ್?" ಏಳೂ ಒಂದಕ್ಕೆ ಅಡ್ಮಿನ್ ಉತ್ತರ: "ದಯವಿಟ್ಟು ರಾಜಕೀಯ ಬೇಡ." ಪಕ್ಕದಲ್ಲಿ ಮುಗಿದ ಕೈ, ಮೂರು ಜೊತೆ.

ಮೇಡಂ ಹೇಳಿದ್ದರಲ್ಲಿ ಸುಳ್ಳೇನಿತ್ತು? ಬೆಂಗಳೂರು ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಒಂದು ಪಕ್ಷ ಇಳಿಯಿತು, ಇನ್ನೊಂದು ಏರಿತು. ಒಂದಿದ್ದ ಪಾಲಿಕೆ ಐದಾಯಿತು. ಐದು ವರ್ಷ ಕಳೆದರೂ ಚುನಾವಣೆ ಮಾತ್ರ ಆಗಲಿಲ್ಲ. ಚುನಾವಣೆ ಮಾಡದಿರುವುದು ಆಡಳಿತ. ಯಾಕೆ ಮಾಡಲಿಲ್ಲ ಎಂದು ಕೇಳುವುದು ರಾಜಕೀಯ.

ನಗಬೇಡಿ. ಈ ದೇಶದ ದೊಡ್ಡವರೆಲ್ಲ ನಮ್ಮ ಅಡ್ಮಿನ್ನೇ. ಗ್ರೂಪು ದೊಡ್ಡದು, ಅಷ್ಟೇ.

2012ರ ಆಗಸ್ಟ್. ಮನಮೋಹನ್ ಸಿಂಗ್ ಸರ್ಕಾರ ಕೆಲವು ಟ್ವಿಟರ್ ಖಾತೆಗಳಿಗೆ ಬೀಗ ಹಾಕಿಸಿತು. ಗುಜರಾತಿನ ಮುಖ್ಯಮಂತ್ರಿ ನರೇಂದ್ರ ಮೋದಿ ಪ್ರತಿಭಟಿಸಿ ತಮ್ಮ ಡಿಪಿಗೆ ಕಪ್ಪು ಬಳಿದರು. ಭೇಷ್. ಅದೇ ನವೆಂಬರಿನಲ್ಲಿ, ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಯಾಕೆ ಬಂದ್ ಎಂದು ಫೇಸ್‌ಬುಕ್ಕಿನಲ್ಲಿ ಕೇಳಿದ ಪಾಲ್ಘರಿನ ಹುಡುಗಿಯನ್ನು ಪೊಲೀಸರು ಹಿಡಿದರು. ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಿಡಲಿಲ್ಲ. ಕೈಯಲ್ಲಿದ್ದ ಅಸ್ತ್ರ ಐಟಿ ಕಾಯ್ದೆಯ 66ಎ. ತಂದವರು ಕಾಂಗ್ರೆಸ್ಸಿನವರು.

2014ರಲ್ಲಿ ಅಡ್ಮಿನ್ ಬದಲಾದರು. 66ಎ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಅದು ಇರಲೇಬೇಕು ಎಂದು ವಾದಿಸಿದವರು ಯಾರು? ಹೊಸ ಸರ್ಕಾರದ ವಕೀಲರು. 2015ರ ಮಾರ್ಚ್ 24ರಂದು ಕೋರ್ಟೇ ಅದನ್ನು ಕಿತ್ತು ಬಿಸಾಡಬೇಕಾಯಿತು. ಆಮೇಲೆ ರೈತ ಚಳವಳಿ ಬಂತು. ಈ ಖಾತೆ ಮುಚ್ಚಿ, ಆ ಖಾತೆ ಮುಚ್ಚಿ ಎಂಬ ಪಟ್ಟಿ ಬಂತು. ಟ್ವಿಟರ್ ನಮ್ಮ ಹೈಕೋರ್ಟಿನ ಬಾಗಿಲು ಬಡಿಯಿತು. 2023ರ ಜೂನಿನಲ್ಲಿ ಅರ್ಜಿ ವಜಾ, ಮೇಲೆ ಐವತ್ತು ಲಕ್ಷ ದಂಡ. ಆ ಕಪ್ಪು ಬಣ್ಣದ ಡಬ್ಬಿ ಈಗ ಯಾವ ಅಟ್ಟದ ಮೇಲಿದೆಯೋ.

ವಿರೋಧ ಪಕ್ಷದಲ್ಲಿ ಕೂತಾಗ ಎಲ್ಲರ ಬಾಯಿಗೂ ಸ್ವಾತಂತ್ರ್ಯ ಬೇಕು. ಕುರ್ಚಿ ಸಿಕ್ಕ ಮರುದಿನ ಬಾಯಿಗೆ ಶಿಸ್ತು ಬೇಕು.

ದಿಲ್ಲಿಯಲ್ಲಿ ಸಂವಿಧಾನದ ಕೆಂಪು ಪುಸ್ತಕ ಎತ್ತಿ ಹಿಡಿಯುವ ಪಕ್ಷ ವಿಧಾನಸೌಧದಲ್ಲಿ ಏನು ಮಾಡಿತು? 2025ರ ಜೂನಿನಲ್ಲಿ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡು ಹೊರಬಿತ್ತು. ಏಳು ವರ್ಷದವರೆಗೆ ಜೈಲು. ಹತ್ತು ಲಕ್ಷದವರೆಗೆ ದಂಡ. ಉಸ್ತುವಾರಿಗೆ ಒಂದು ಪ್ರಾಧಿಕಾರ, ಅದರ ತಲೆಯ ಮೇಲೆ ಮಂತ್ರಿಗಳು. ಚುನಾವಣಾ ಪ್ರಣಾಳಿಕೆ ಬರೆಯುವವರೇ ಸುಳ್ಳಿನ ಪತ್ತೇದಾರರು. ಗಲಾಟೆ ಎದ್ದಾಗ ಬಂದ ಸಮಜಾಯಿಷಿ, ಇದು ಬರೀ ಕರಡು ಅಂತ. ಮಚ್ಚು ಮಸೆಯುತ್ತಿದ್ದವನನ್ನು ಕೇಳಿದರೆ ಇನ್ನೂ ಹರಿತ ಆಗಿಲ್ಲ ಬಿಡಿ ಎಂದನಂತೆ.

ಸುಳ್ಳು ಕೊಲ್ಲುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಅದು ಕೊಂದಿದೆ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದರು, ಮಕ್ಕಳ ಕಳ್ಳರು ಎಂದು ವಾಟ್ಸಾಪ್‌ನಲ್ಲಿ ಹಬ್ಬಿತು, ಹೈದರಾಬಾದಿನ ಒಬ್ಬ ಎಂಜಿನಿಯರ್ ಹೆಣವಾದ. ವಾಟ್ಸಾಪ್ ಕಂಪನಿ ಏನು ಮಾಡಿತು? ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಮಾಡಿ ಎಂದಿತು. ಕೊಲೆಗೆ ಶಿಕ್ಷೆ ಕೊಡುವ ಕಾನೂನು ಅಂದೂ ಇತ್ತು. ಇಲ್ಲದೇ ಇದ್ದದ್ದು, ಪ್ರಶ್ನೆ ಕೇಳುವವನನ್ನೂ ಕೊಲೆಗಾರನನ್ನೂ ಒಂದೇ ಬಲೆಯಲ್ಲಿ ಹಿಡಿಯುವ ಕಾನೂನು. ಅದಕ್ಕೇ ಈ ಆತುರ.

ಹೋಗಲಿ, ನಮ್ಮ ಪರ ನಿಂತವರು ಯಾರಾದರೂ ಇದ್ದಾರಾ? ಇದ್ದಾರೆ. ಎಲಾನ್ ಮಸ್ಕ್.

ಮಾತಿನ ಸ್ವಾತಂತ್ರ್ಯಕ್ಕೆಂದೇ 44 ಬಿಲಿಯನ್ ಡಾಲರ್ ಸುರಿದು 2022ರ ಅಕ್ಟೋಬರಿನಲ್ಲಿ ಟ್ವಿಟರ್ ಕೊಂಡ ಮಹಾನುಭಾವ. ಡಿಸೆಂಬರ್ ಹೊತ್ತಿಗೆ, ತಮ್ಮ ಖಾಸಗಿ ವಿಮಾನ ಎಲ್ಲಿ ಹಾರುತ್ತಿದೆ ಎಂದು ತೋರಿಸುತ್ತಿದ್ದ ಖಾತೆಯನ್ನು ಮುಚ್ಚಿಸಿದರು. ಅದರ ಬಗ್ಗೆ ಬರೆದ ಪತ್ರಕರ್ತರ ಖಾತೆಗಳನ್ನೂ ಅಮಾನತಿನಲ್ಲಿಟ್ಟರು. ಎರಡೇ ತಿಂಗಳು. ನಮ್ಮ ಲೇಔಟಿನ ಅಡ್ಮಿನ್‌ಗೇ ಇದಕ್ಕಿಂತ ಹೆಚ್ಚು ತಾಳ್ಮೆ ಇದೆ.

ಅದೇ ಕಂಪನಿ 2025ರಲ್ಲಿ ಮತ್ತೆ ನಮ್ಮ ಹೈಕೋರ್ಟಿಗೆ ಬಂತು. ಈ ಸಲ ಕೇಂದ್ರದ 'ಸಹಯೋಗ್' ಪೋರ್ಟಲ್ ವಿರುದ್ಧ. ಪೊಲೀಸರು, ಇಲಾಖೆಗಳು ಅದರ ಮೂಲಕ ಕಂಪನಿಗಳಿಗೆ ನೋಟಿಸ್ ಕಳಿಸುತ್ತವೆ: ಇದನ್ನು ತೆಗೆಯಿರಿ. ಸರ್ಕಾರಿ ವಕೀಲರೂ ಸುಮ್ಮನಿರಲಿಲ್ಲ. ಅದೇ ತಾಣದಲ್ಲಿ ತೆರೆದ ಒಂದು ಖಾತೆಯನ್ನು ನ್ಯಾಯಾಲಯಕ್ಕೆ ತೋರಿಸಿದರು. ಹೆಸರು, ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ. ಜೊತೆಗೆ ದೃಢೀಕರಣದ ಟಿಕ್ಕು. ಸೆಪ್ಟೆಂಬರ್ 24ರಂದು ಕಂಪನಿಯ ಅರ್ಜಿ ವಜಾ ಆಯಿತು.

ಒಂದು ಕಡೆ ಇರುವ ಮಾತನ್ನು ಅಳಿಸುವವರು. ಇನ್ನೊಂದು ಕಡೆ ಇಲ್ಲದ ಕೋರ್ಟಿಗೆ ಟಿಕ್ಕು ಕೊಡುವವರು. ಯಾರು ಗೆದ್ದರೆ ನಮಗೇನು ಲಾಭ, ನೀವೇ ಹೇಳಿ.

ಜುಕರ್‌ಬರ್ಗ್ ಅಂಗಡಿಯ ಕಥೆ ಇನ್ನೂ ಚಂದ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಕನ್ನಡದಲ್ಲಿ ಹಾಕಿದರು. ಮೆಟಾದ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಯನ್ನೇ ಸಾಯಿಸಿತು. ಮುಖ್ಯಮಂತ್ರಿ ಬೈದರು. ಕಂಪನಿ ಕ್ಷಮೆ ಕೇಳಿತು. ಸತ್ತವರು ಯಾರು, ನೋಡಲು ಹೋದವರು ಯಾರು ಎಂದು ತಿಳಿಯದ ಇಂಥ ಯಂತ್ರಗಳೇ ನಾಳೆ ಕನ್ನಡದಲ್ಲಿ ಯಾವುದು ಬೈಗುಳ, ಯಾವುದು ಸಲಿಗೆ ಎಂದು ತೀರ್ಪು ಕೊಡಲಿವೆ. 'ಲೋ ಮಗಾ' ಎನ್ನುವ ಅರ್ಧ ಮಂಡ್ಯ ಈಗಲೇ ಜಾಮೀನು ತೆಗೆದಿಟ್ಟುಕೊಳ್ಳುವುದು ವಾಸಿ.

ಸ್ವದೇಶಿ ಆ್ಯಪ್ ಇದೆಯಲ್ಲ ಎನ್ನುತ್ತೀರಿ. ಇತ್ತು. ನಮ್ಮ ಬೆಂಗಳೂರಿನದೇ ಕೂ, ಮೊದಲು ಕಣ್ಣು ಬಿಟ್ಟದ್ದೂ ಕನ್ನಡದಲ್ಲೇ. 2021ರ ಫೆಬ್ರುವರಿಯಲ್ಲಿ ಮಂತ್ರಿಗಳು ಸಾಲುಗಟ್ಟಿ ಹೊರಟರು. ನಾನು ಕೂಗೆ ಬಂದೆ ಎಂದು ಪೀಯೂಷ್ ಗೋಯಲ್ ಘೋಷಿಸಿದ್ದು ಎಲ್ಲಿ? ಟ್ವಿಟರ್‌ನಲ್ಲಿ. 2024ರ ಜುಲೈನಲ್ಲಿ ಕೂ ಬಾಗಿಲು ಹಾಕಿತು. ಆ ಸುದ್ದಿಯೂ ಬಂದದ್ದು ಲಿಂಕ್ಡ್‌ಇನ್‌ನಲ್ಲಿ.

ಮರುವರ್ಷ ಜೋಹೋದ ಅರಟ್ಟೈ ಹಬ್ಬ. ತಮಿಳಿನಲ್ಲಿ ಹರಟೆ ಎಂದರ್ಥ. ವಾಟ್ಸಾಪ್ ಬಿಡಿ, ದೇಶ ಉಳಿಸಿ ಎಂಬ ಕರೆ ನನಗೆ ನಲವತ್ತು ಸಲ ಬಂತು. ನಲವತ್ತೂ ವಾಟ್ಸಾಪ್‌ನಲ್ಲಿ. ನಮ್ಮ ಅಡ್ಮಿನ್ ಅಲ್ಲೂ ಒಂದು ಗ್ರೂಪ್ ಮಾಡಿದರು. ಹನ್ನೊಂದು ಜನ ಸೇರಿದೆವು. ಮೊದಲ ಸಂದೇಶ: ರಾಜಕೀಯ ಬೇಡ. ಎರಡನೆಯದು ಇನ್ನೂ ಬಂದಿಲ್ಲ.

ಹಳೇ ಗ್ರೂಪಿನಲ್ಲಿ ಮೂರನೇ ಕ್ರಾಸಿನ ಮೇಡಂ ಸುಮ್ಮನಾಗಲಿಲ್ಲ. ಕತ್ತಲ ರಸ್ತೆಯ ಫೋಟೊ ಹಾಕಿದರು. ಬರೀ ಕಪ್ಪು. ಕೆಳಗೆ ಬರೆದರು, "ಇದು ರಾಜಕೀಯ ಅಲ್ಲ ಸಾರ್, ನಮ್ಮ ಬೀದಿ." ಐದೇ ನಿಮಿಷ. ಪರದೆಯ ಕೆಳಗೆ ಸಾಲು ಮೂಡಿತು: ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು. ಮರುದಿನ ಸಂವಿಧಾನ ದಿನ. ಆರು ಗಂಟೆಗೆ ಸರಿಯಾಗಿ ಅಂಬೇಡ್ಕರ್ ಚಿತ್ರ, ಶುಭಾಶಯ. ಪ್ರತಿಯಾಗಿ ಒಂದು ಸಾಲು ಬರೆಯೋಣವೆಂದರೂ ಯಾರಿಗೂ ದಾರಿ ಇರಲಿಲ್ಲ.

ಅದೇ ವಾರ ಒಂದು ರಾತ್ರಿ ಅಡ್ಮಿನ್ ಸಾಹೇಬರು ಮೋಟರ್ ಆಫ್ ಮಾಡಲು ಮರೆತು ಮಲಗಿದರು. ಓವರ್‌ಹೆಡ್ ಟ್ಯಾಂಕ್ ತುಂಬಿ, ಗೋಡೆ ಗುಂಟ ಇಳಿದು, ಚರಂಡಿ ದಾಟಿ, ರಸ್ತೆಗೆ ಬಂತು. ಟ್ಯಾಂಕರಿಗೆ ದುಡ್ಡು ಕೊಟ್ಟು ಸಂಪಿಗೆ ತುಂಬಿಸಿದ ನೀರು. ಎರಡನೇ ಆಟ ನೋಡಿ ಬಂದವರು ಕಂಡರು. ನಾಯಿ ಸುತ್ತಿಸಲು ಇಳಿದವರು ಕಂಡರು. ನಾನೂ ಬಾಲ್ಕನಿಯಿಂದ ಕಂಡೆ, ಫೋನ್ ತೆಗೆದೆ, ಪರದೆಯ ಕೆಳಗಿನ ಸಾಲು ಓದಿದೆ, ಹೋಗಿ ಮಲಗಿದೆ.

ಬೆಳಗ್ಗೆ ಐದೂವರೆಗೆ ಗುಲಾಬಿ ಬರಲಿಲ್ಲ. ಸಂದೇಶ ಬಂತು: "ರಾತ್ರಿಯೆಲ್ಲ ನೀರು ಹರಿದಿದೆ. ಇಷ್ಟು ಜನ ಇದ್ದೀರಿ. ಒಬ್ಬರಾದರೂ ಒಂದು ಮೆಸೇಜ್ ಹಾಕಬಾರದಿತ್ತೇ?"