ಅಸಲು ಮಾಮ

ನನ್ನ ಹೆಂಡತಿಯ ತಮ್ಮನಿಗೆ ನಮ್ಮ ಮಕ್ಕಳು ಇಟ್ಟ ಹೆಸರು ಅಸಲು ಮಾಮ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ, ಚೆನ್ನಾಗಿಯೇ ಇದೆ. ಆದರೆ ಮನೆಸಾಲ ತೆಗೆದ ದಿನದಿಂದ ಅದು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ‘ಈ ತಿಂಗಳು ಅಸಲು ಎಷ್ಟು ಇಳೀತು ಗೊತ್ತಾ ಭಾವ?’ ಎಂದು ಶುರು ಮಾಡುವವನನ್ನು ಇನ್ನೇನಂತ ಕರೆಯುವುದು?

ಇಂಥವರು ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಬ್ಬರಂತೆ ಸಿಗುತ್ತಾರೆ. ಇಪ್ಪತ್ತು ವರ್ಷಕ್ಕೆ ಸಾಲ ತೆಗೆದು, ಗೃಹಪ್ರವೇಶದ ಹೋಮದ ಹೊಗೆ ಆರುವ ಮುಂಚೆಯೇ ಅದನ್ನು ಎಂಟು ವರ್ಷದಲ್ಲಿ ತೀರಿಸುವ ಹಟಕ್ಕೆ ಬೀಳುತ್ತಾರೆ. ಬೋನಸ್ ಬಂತೋ, ಸಾಲಕ್ಕೆ. ಹಳೇ ಬೈಕು ಮಾರಿದರೋ, ಸಾಲಕ್ಕೆ. ಅತ್ತೆ ಕೊಟ್ಟ ಉಡುಗೊರೆ ಕವರಿನಲ್ಲಿ ಒಂದು ರೂಪಾಯಿ ನಾಣ್ಯ ದೇವರ ಮನೆಗೆ, ನೋಟು ಸಾಲಕ್ಕೆ. ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ಕಣ್ಣಲ್ಲೇ ಗುರುತು ಹಿಡಿಯುತ್ತಾರೆ: ‘ನಿಮ್ದು ಎಷ್ಟು ಉಳೀತು?’ ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತೆವು. ಇವರು ಮಾತ್ರ ಮರೆಯಲಿಲ್ಲ.

ಅಸಲು ಮಾಮ ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡದ್ದು 2023ರ ನವೆಂಬರಿನಲ್ಲಿ. 50 ಲಕ್ಷ ಸಾಲ, 8.5 ಬಡ್ಡಿ, ತಿಂಗಳಿಗೆ 43,391 ರೂಪಾಯಿ ಕಂತು. ಇದೆಲ್ಲ ನನಗೆ ಯಾಕೆ ಗೊತ್ತು ಎಂದರೆ ಗೃಹಪ್ರವೇಶದ ಊಟಕ್ಕೆ ಎಲೆ ಮುಂದೆ ಕೂತವನಿಗೆ, ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ವಿವರಿಸಿದ. ‘ಮೊದಲ ಕಂತಿನಲ್ಲಿ 35,417 ಬರೀ ಬಡ್ಡಿಗೇ ಹೋಗುತ್ತೆ ಭಾವ. ಅಸಲಿಗೆ 7,974. ಇಪ್ಪತ್ತು ವರ್ಷ ಹೀಗೇ ಕಟ್ಟಿದ್ರೆ ಒಟ್ಟು ಒಂದು ಕೋಟಿ ನಾಲ್ಕು ಲಕ್ಷ. ಒಂದು ಮನೆ ನಮಗೆ, ಒಂದು ಮನೆ ಬ್ಯಾಂಕಿಗೆ.’ ಹೋಳಿಗೆ ತಣ್ಣಗಾಯಿತು.

ಅದು ಧನುರ್ಮಾಸದ ಗೃಹಪ್ರವೇಶ. ಧನುರ್ಮಾಸದಲ್ಲಿ ಯಾರಾದರೂ ಮನೆ ಹೊಗುತ್ತಾರೆಯೇ ಎಂದು ನನ್ನತ್ತೆ ಕಣ್ಣೀರಿಟ್ಟರು. ‘ಅಡುಗೆಯವರು ರೇಟು ಕಮ್ಮಿ ಮಾಡ್ತಾರಮ್ಮ, ದೇವರಿಗೆ ಎಲ್ಲ ತಿಂಗಳೂ ಒಂದೇ’ ಎಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಅವನನ್ನು ಆಡಿಕೊಳ್ಳುವುದಕ್ಕೆ ಹಕ್ಕಿರುವವನೇನಲ್ಲ. ನನ್ನದೂ ಒಂದು ಮನೆಸಾಲವಿದೆ. 2021ರಲ್ಲಿ ಬಡ್ಡಿ ಅಗ್ಗವಾಗಿದ್ದಾಗ ಹದಿನೈದು ವರ್ಷಕ್ಕೆಂದು ತೆಗೆದದ್ದು. ಕಂತು ತಾನಾಗಿ ಕಡಿತವಾಗುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ಒಂದು ಭಾನುವಾರ ಅವನು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಸ್ಟೇಟ್‌ಮೆಂಟ್ ತೆಗೆದು, ಡಾಕ್ಟರು ಎಕ್ಸ್-ರೇ ನೋಡುವ ಹಾಗೆ ನೋಡಿ, ‘ಭಾವ, ಕೂತ್ಕೊಳಿ’ ಎಂದ. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ನಾಲ್ಕರಿಂದ ಆರೂವರೆಗೆ ಏರಿಸಿತ್ತಂತೆ. ನನ್ನ ಬ್ಯಾಂಕು ಕಂತು ಏರಿಸುವ ಬದಲು ಸದ್ದಿಲ್ಲದೆ ವರ್ಷಗಳನ್ನು ಏರಿಸಿತ್ತು. ಹದಿನೈದು ವರ್ಷದ ಸಾಲ ಇಪ್ಪತ್ತಾಗಿತ್ತು. ನಿವೃತ್ತಿಗೆ ಎರಡು ವರ್ಷ ಮೊದಲೇ ಮುಗಿಯಬೇಕಾದದ್ದು ನಿವೃತ್ತಿಯಾಗಿ ಮೂರು ವರ್ಷ ನನ್ನ ಬೆನ್ನು ಹತ್ತಿ ಬರಲಿತ್ತು. ಅವತ್ತು ಅವನಿಗೆ ಕಾಫಿ ಕೊಡಲೂ ನನಗೆ ಮನಸ್ಸಾಗಲಿಲ್ಲ.

ಅವನ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು, 240 ಚೌಕಗಳದ್ದು. ಕಂತು ಕಟ್ಟಿದರೆ ನೀಲಿ ಗೀಟು, ಹೆಚ್ಚುವರಿ ಕಟ್ಟಿ ತುದಿಯಿಂದ ಉಡಾಯಿಸಿದ ಕಂತಿಗೆ ಕೆಂಪು ಗೀಟು. 2024ರ ಬೇಸಿಗೆಯ ಕೊನೆಗೆ ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಬಂತು, ನಲವತ್ತು ಚೌಕಗಳದ್ದು. ಅವನ ಹೆಂಡತಿ ಬಸುರಿ. ಇವನು ವಾರಕ್ಕೊಂದು ಗೀಟು ಎಳೆಯತೊಡಗಿದ.

ಇನ್ನಾದರೂ ಕೈ ಸಡಿಲ ಮಾಡುತ್ತಾನೆಂದು ನಾವು ಅಂದುಕೊಂಡೆವು. ಆದದ್ದು ಉಲ್ಟಾ. ಮಗು ಬಂದ ಮೇಲೆ ಖರ್ಚು, ಆದ್ದರಿಂದ ಬರುವ ಮುಂಚೆಯೇ ಸಾಲ ಇಳಿಸಬೇಕು ಎಂದು ಇನ್ನೂ ಬಿಗಿಯಾದ. ಆಗಲೇ ಅವನ ಕೈಗೆ ಆ ‘ಐದು’ ಸಿಕ್ಕಿದ್ದು. 8.5 ಬಡ್ಡಿಯಲ್ಲಿ ಒಂದು ರೂಪಾಯಿ ಹತ್ತೊಂಬತ್ತು ವರ್ಷದಲ್ಲಿ ಐದು ರೂಪಾಯಿ ಆಗುತ್ತದಂತೆ. ಸಾಲಕ್ಕೆ ಕಟ್ಟದೆ ಖರ್ಚು ಮಾಡಿದ ಪ್ರತಿ ರೂಪಾಯಿಯ ನಿಜವಾದ ಬೆಲೆ ಐದು. ಮಸಾಲೆ ದೋಸೆ 80 ಅಲ್ಲ, 400. ಸೀಮಂತದ ಸೀರೆ ಆರು ಸಾವಿರ ಅಲ್ಲ, ಮೂವತ್ತು ಸಾವಿರ. ಹಸಿರು ಬಳೆ ತೊಡಿಸುವಾಗ ಅವನ ತುಟಿ ಅಲ್ಲಾಡುತ್ತಿದ್ದುದನ್ನು ನೋಡಿ ಪುರೋಹಿತರು ಮಂತ್ರ ಹೇಳಿಕೊಳ್ಳುತ್ತಿದ್ದಾನೆಂದು ಮೆಚ್ಚಿದರು.

ತೊಟ್ಟಿಲಿನ ಪ್ರಸಂಗ ನಡೆದದ್ದು ಇದೇ ಕಾಲದಲ್ಲಿ. ತೊಟ್ಟಿಲು ತವರಿನವರು ತರಲಿ ಎಂದು ಕೈತೊಳೆದುಕೊಳ್ಳುವವನಲ್ಲ ಅವನು. ಮಾವನ ಮೇಲೂ ಸಾಲವಿದೆ, ಅದು ಅವನಿಗೆ ಗೊತ್ತು. ನವೆಂಬರಿನ ಒಂದು ಶನಿವಾರ ನಾವು ನಾಲ್ವರೂ ಜಯನಗರದ ಮರದ ಸಾಮಾನಿನ ಅಂಗಡಿಗೆ ಹೋದೆವು. ಮೂಲೆಯಲ್ಲೊಂದು ತೊಟ್ಟಿಲಿತ್ತು. ನಾಲ್ಕು ಮೂಲೆಗೆ ನಾಲ್ಕು ಗಿಳಿ, ಗಿಳಿಯ ಕೊಕ್ಕಿಗೆ ಹಿತ್ತಾಳೆ ಗೆಜ್ಜೆ. ಅವನ ಹೆಂಡತಿ ಸ್ಟೂಲಿನ ಮೇಲೆ ಸೊಂಟ ಒತ್ತಿಕೊಳ್ಳುತ್ತ ಕೂತವಳು, ಒಂದೇ ಬೆರಳಲ್ಲಿ ಅದನ್ನು ತೂಗಿದಳು. ಗೆಜ್ಜೆ ಎರಡು ಸಲ ಸದ್ದು ಮಾಡಿ ನಿಂತವು.

‘ಎಂಟು ಸಾವಿರದ ಏಳ್ನೂರು’ ಎಂದ ಅಂಗಡಿಯವ.

‘43,500’ ಎಂದ ಇವನು.

ಅಂಗಡಿಯವನ ಮುಖ ನೋಡಬೇಕಿತ್ತು. ಚೌಕಾಸಿಯಲ್ಲಿ ಬೆಲೆ ಏರಿಸುವ ಗಿರಾಕಿಯನ್ನು ಅವನು ಅದೇ ಮೊದಲು ನೋಡಿದ್ದು. ಇವನು ಬಿಡದೆ, ಫೋನು ತೆಗೆದು, ಹತ್ತೊಂಬತ್ತು ವರ್ಷದ ಲೆಕ್ಕ ಬಿಡಿಸಿ ತೋರಿಸಿ, ‘ಅಂದ್ರೆ ಸರಿಸುಮಾರು ನನ್ನ ಒಂದು ಕಂತು’ ಎಂದ. ಅಂಗಡಿಯವ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಹಂಗಾದ್ರೆ ಸಾರ್, ನನಗೆ ಎಂಟು ಸಾವಿರದ ಏಳ್ನೂರೇ ಕೊಡಿ. ಮಿಕ್ಕಿದ್ದು ಬ್ಯಾಂಕಿನೋರು ಇಸ್ಕೊಳ್ಳಲಿ’ ಎಂದ. ನಾನು ನಕ್ಕೆ, ನನ್ನ ಹೆಂಡತಿ ನಕ್ಕಳು. ಅವನ ಹೆಂಡತಿ ನಗಲಿಲ್ಲ, ಗಿಳಿಯನ್ನೇ ನೋಡುತ್ತಿದ್ದಳು. ಆಗ ಅಸಲು ಮಾಮ ಗಂಟಲು ಸರಿ ಮಾಡಿಕೊಂಡು ಹೇಳಿದ: ‘ಅಲ್ಲದೆ, ಮಗು ಹುಟ್ಟೋ ಮುಂಚೆ ಮನೆಗೆ ತೊಟ್ಟಿಲು ತರಬಾರದು ಅಂತ ಹಿರಿಯರು ಹೇಳ್ತಾರೆ.’

ಧನುರ್ಮಾಸದಲ್ಲಿ ಗೃಹಪ್ರವೇಶ ಮಾಡಿದ ಭೂಪ!

ಸಾಲವನ್ನು ಎಂಟು ವರ್ಷದಲ್ಲೇ ತೀರಿಸುವವನಿಗೆ ಹತ್ತೊಂಬತ್ತು ವರ್ಷದ ಬಡ್ಡಿಯ ಲೆಕ್ಕ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅಲ್ಲೇ ಕೇಳಬೇಕಿತ್ತು. ಅದು ನನಗೆ ಹೊಳೆದದ್ದು ಮನೆಗೆ ಬಂದು, ಊಟ ಮುಗಿಸಿ, ಕೈ ತೊಳೆಯುವಾಗ. ನನ್ನ ಚುರುಕೆಲ್ಲ ಹೀಗೇ, ಅವಧಿ ಮುಗಿದ ಮೇಲೆ.

ಒಂದು ಬುದ್ಧಿಮಾತು ಮಾತ್ರ ಹೊತ್ತಿಗೆ ಸರಿಯಾಗಿ ಹೇಳಿದ್ದೆ. ಹೆರಿಗೆ ಹತ್ತಿರ ಬಂದಿದೆ, ಕೈಯಲ್ಲಿ ಒಂದಿಷ್ಟು ದುಡ್ಡಿಟ್ಟುಕೋ. ಹೆಚ್ಚುವರಿ ಕಟ್ಟಿದ್ದನ್ನು ಬೇಕಾದಾಗ ವಾಪಸ್ ತೆಗೆಯಬಹುದಾದ ಓವರ್‌ಡ್ರಾಫ್ಟ್ ಥರದ ಮನೆಸಾಲವೂ ಇದೆಯಲ್ಲ, ಅದಕ್ಕಾದರೂ ಬದಲಾಯಿಸಿಕೋ. ‘ತೆಗೆಯೋಕೆ ಬರುತ್ತೆ ಅಂದ್ರೆ ತೆಗೆದೇ ತೆಗೀತೀವಿ ಭಾವ’ ಎಂದು ತಲೆ ಕೊಡವಿದ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಇಂಥ ಸೌಲಭ್ಯ ಬಿಡುವುದು ಪಾಪ ಎಂಬುದು ಅವನ ವಾದ. ಜನವರಿ 31ರಂದು 1,10,000 ಬೋನಸ್ಸನ್ನು ಪೂರ್ತಿ ಕಟ್ಟಿ, ಕಂತು ಇಳಿಸಬೇಡಿ, ಅವಧಿ ಇಳಿಸಿ ಎಂದು ಬ್ಯಾಂಕಿಗೆ ಬರೆದುಕೊಟ್ಟು ಬಂದ.

ಮಗುವಿಗೆ ಡಾಕ್ಟರು ಕೊಟ್ಟಿದ್ದ ದಿನ ಫೆಬ್ರುವರಿ 21. ಬಂದದ್ದು 5ಕ್ಕೆ. ಹದಿನಾರು ದಿನ ಮುಂಚೆ. ಎಷ್ಟಾದರೂ ಅಪ್ಪನ ಮಗಳು.

ಸಿಸೇರಿಯನ್ ಆಯಿತು. ಕಂಪನಿಯ ವಿಮೆ ಒಂದು ಮಿತಿಗೆ ಬಂದು ನಿಂತಿತು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಕಾಗದದ ಲೋಟದ ಕಾಫಿ ಹಿಡಿದು ನನ್ನ ಪಕ್ಕ ಕೂತವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಭಾವ, ಒಂದು ನಲವತ್ತೆಂಟು ಸಾವಿರ ಕೈಗಡ ಬೇಕಿತ್ತು’ ಎಂದ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ಕಾಯುತ್ತಿದ್ದ ಗಳಿಗೆ ಅದು. ಹೇಳಬೇಕಾದ ಮಾತುಗಳೆಲ್ಲ ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿದ್ದವು. ನನ್ನ ಹತ್ತಿರ ದುಡ್ಡಿದ್ದದ್ದೂ, ಅವನು ಸದಾ ಗೇಲಿ ಮಾಡುವ ನಮ್ಮ ಬೀದಿಯ ಚೀಟಿಯನ್ನು ಹಿಂದಿನ ತಿಂಗಳು ಕೂಗಿದ್ದರಿಂದಲೇ. ಆದರೆ ಅವನು ಲೋಟದ ಅಂಚನ್ನು ಚೂರು ಚೂರಾಗಿ ಹರಿಯುತ್ತಾ ಇನ್ನೇನೋ ಹೇಳತೊಡಗಿದ್ದ.

ನನ್ನ ಮಾವ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಇವನು ಹುಟ್ಟುವಾಗ ಹೆರಿಗೆ ಕಷ್ಟವಾಗಿ, ಅತ್ತೆಯ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ವರ್ಷ ವರ್ಷವೂ ಬಡ್ಡಿ ಕಟ್ಟಿ ಚೀಟಿ ಬದಲಾಯಿಸುವುದು, ಅಸಲು ಹಾಗೇ. ‘ಅಪ್ಪ ನನ್ನ ಕೈಹಿಡ್ಕೊಂಡು ಹೋಗ್ತಿದ್ರು ಭಾವ. ಅಂಗಡಿಯೋರು ಬಟ್ಟೆ ಗಂಟು ಬಿಚ್ಚಿ ಬಳೆ ತೋರಿಸಿ, ಮತ್ತೆ ಗಂಟು ಹಾಕಿ ಒಳಗಿಡ್ತಿದ್ರು. ನೋಡ್ಕೋ, ಅಮ್ಮನ ಬಳೆ, ಅಂತಿದ್ರು ಅಪ್ಪ. ವರ್ಷಕ್ಕೊಂದು ಸಲ ಜಾತ್ರೆಗೆ ಹೋದ ಹಾಗೆ. ಬಿಡಿಸ್ಕೊಂಡು ಬಂದಾಗ ನಾನು ಪಿಯುಸಿ. ಅಷ್ಟೊತ್ತಿಗೆ ಅಮ್ಮನ ಕೈಗೆ ಅವು ಹಿಡೀಲಿಲ್ಲ.’

ನನ್ನ ನಾಲಿಗೆ ತುದಿಯ ಮಾತುಗಳನ್ನು ನುಂಗಿಕೊಂಡೆ. ಕಾಫಿ ಕೆಟ್ಟದಾಗಿತ್ತು.

7ನೇ ತಾರೀಕು ಶುಕ್ರವಾರ ಬೆಳಿಗ್ಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಕಾಲು ಪರ್ಸೆಂಟ್ ಇಳಿಸಿತು. 2020ರ ಮೇ ನಂತರ ಇಳಿದದ್ದು ಅದೇ ಮೊದಲು. ವಾರ್ಡಿನಲ್ಲಿ ಫೋನು ಹಿಡಿದು ಇವನು ಕೂಗಿದ ರಭಸಕ್ಕೆ ನರ್ಸು ಓಡಿ ಬಂದರು. ‘ಮಹಾಲಕ್ಷ್ಮಿ ಕಣೋ, ಕೂಸಿನ ಕಾಲ್ಗುಣ’ ಎಂದು ಅತ್ತೆ ದೃಷ್ಟಿ ತೆಗೆದರು. ಆಮೇಲೆ ಮಗುವನ್ನು ಮಡಿಲಿಗೆ ಹಾಕಿಕೊಂಡು, ಅಸಲಿಗಿಂತ ಬಡ್ಡಿಯ ಮೇಲೇ ಪ್ರೀತಿ ಹೆಚ್ಚು ಅಂತ ಸುಮ್ನೆ ಅಂದಿಲ್ಲ ಎಂದರು. ಬಡ್ಡಿಯ ಬಗ್ಗೆ ಒಳ್ಳೆಯ ಮಾತನ್ನು ಅವನು ಜೀವನದಲ್ಲಿ ಮೊದಲ ಸಲ ಕೇಳಿದ್ದಿರಬೇಕು. ಎದುರು ಮಾತಾಡಲಿಲ್ಲ.

ಮಾರ್ಚಿನಲ್ಲಿ ಕೈಗಡ ವಾಪಸ್ ಬಂತು. 48,340 ರೂಪಾಯಿ. ಮೇಲಿನ 340 ಏನೆಂದರೆ, ಒಂದು ತಿಂಗಳ ಬಡ್ಡಿ, ಎಂಟೂವರೆಯ ಲೆಕ್ಕದಲ್ಲಿ. ನನಗೆ ಕೆಟ್ಟ ಸಿಟ್ಟು ಬಂತು. ಭಾವನಿಗೆ ಬಡ್ಡಿ ಕೊಡುತ್ತೀಯೇನೋ ಎಂದು ಬೈದು, ಆ 340ನ್ನು ಮಗುವಿನ ಮುಷ್ಟಿಗೆ ತುರುಕಿ ಬಂದೆ.

ಜೂನ್ ಹೊತ್ತಿಗೆ ರೆಪೊ ದರ ಐದೂವರೆಗೆ ಇಳಿದಿತ್ತು. ಒಂದು ಸಂಜೆ ಹೋದಾಗ ಹಾಲಿನ ನಡುವೆ ತೊಟ್ಟಿಲು. ಅವೇ ನಾಲ್ಕು ಗಿಳಿ. ಅಂಗಡಿಯವ ಈ ಸಲ 500 ಹೆಚ್ಚು ಹೇಳಿದನಂತೆ, ಇವನು ಮಾತಾಡದೆ ಕೊಟ್ಟನಂತೆ. ಐದರಿಂದ ಗುಣಿಸಿದೆಯಾ ಎಂದು ಕೇಳೋಣವೆನಿಸಿತು, ಕೇಳಲಿಲ್ಲ. ಕಾಲಲ್ಲಿ ತೊಟ್ಟಿಲು ತೂಗುತ್ತಾ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹುಬ್ಬು ಗಂಟು ಹಾಕಿ ಕೂತಿದ್ದ.

‘ಭಾವ, ನನ್ನ ಸಾಲ ಈಗ 7.5ಕ್ಕೆ ಬರುತ್ತೆ. ಹೆಣ್ಣುಮಕ್ಕಳ ಸುಕನ್ಯಾ ಸಮೃದ್ಧಿ ಖಾತೆಗೆ 8.2 ಕೊಡ್ತಿದಾರೆ, ತೆರಿಗೆ ಇಲ್ಲ.’ ಮೂರು ಸಲ ಲೆಕ್ಕ ಹಾಕಿ ನೋಡಿದನಂತೆ. ಮೂರು ಸಲವೂ ಸಾಲ ಸೋತಿತು.

‘ಯಾವುದು ಜಾಸ್ತಿ ಅಂತೆ?’ ಅಡುಗೆಮನೆಯಿಂದ ಅವನ ಹೆಂಡತಿಯ ದನಿ.

‘ಪುಟ್ಟೀದೇ ಜಾಸ್ತಿ ಕಣೇ’ ಎಂದ. ಎದ್ದು ಹೋಗಿ ಫ್ರಿಜ್ಜಿನ ಹಾಳೆಯ ಮುಂದೆ ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತ. ಪೆನ್ನಿಗೆ ಕ್ಯಾಪ್ ಹಾಕಿ, ದೇವರ ಮನೆಯಿಂದ ಒಂದು ಸಣ್ಣ ಕವರು ತಂದ. ನಾನು ಕೊಟ್ಟಿದ್ದ 340.

‘ನಾಳೆ ಅಂಚೆ ಕಚೇರಿಗೆ ಹೋಗಿ ಖಾತೆ ತೆಗೀತೀನಿ. ಮೊದಲ ದುಡ್ಡು ಇದೇ ಆಗಲಿ. ಆದ್ರೆ ಅಲ್ಲಿ 250ರ ಮೇಲೆ ಐವತ್ತರ ಲೆಕ್ಕದಲ್ಲೇ ತಗೊಳ್ಳೋದು. ಹತ್ತು ರೂಪಾಯಿ ಇದೆಯಾ ಭಾವ?’